ಸ್ತ್ರೀಗೋಷ್ಠಿಯ ನ್ಯಾಯವಿಚಾರ: ಕುಪ್ಪಟೂರು ಸೀಮೆಯ ಶಾಸನಗಳನ್ನು ಹಿಡಿದು

ಪುರುಷರಿಗೆ ಪ್ರವೇಶವಿಲ್ಲದಂತೆ ಸ್ತ್ರೀಯರು ಮಾತ್ರವೇ ಕೂಡಿ ನಡೆಯಿಸುವ ಗೋಷ್ಠಿಗಳು ನ್ಯಾಯಸಮ್ಮತವೋ ಅಲ್ಲವೋ ಎಂಬ ಪ್ರಶ್ನೆಯು ಗಣಕಯಂತ್ರಗಳಿಗೆ ತಂತ್ರಾಂಶವನ್ನು ರಚಿಸುವವರ ನಡುವೆ ಈಚಿನ ವರ್ಷಗಳಲ್ಲಿ ಬಹಳವಾಗಿ ಚರ್ಚಿತವಾಗಿದೆ. ೨೦೦೬ರಲ್ಲಿ ಗ್ನೋಮ್ ಎಂಬ ಮುಕ್ತ ತಂತ್ರಾಂಶದ ಸಮುದಾಯವು ಬೇಸಗೆಯ ವಿದ್ಯಾರ್ಥಿವೃತ್ತಿಗಾಗಿ ಅರ್ಜಿಗಳನ್ನು ಕರೆಯಲಾಗಿ ೧೮೧ ಅರ್ಜಿಗಳು ಬಂದವು. ಬಾಗಿಲು ಎಲ್ಲರಿಗೂ ತೆರೆದಿದ್ದಿತು. ಆದರೂ ಹೆಂಗಸರ ಅರ್ಜಿಯು ಒಂದೂ ಇರಲಿಲ್ಲ. ಅದೇ ವರ್ಷ ಸ್ತ್ರೀಯರಿಗೆಂದೇ ಬೇರೊಂದು ಏರ್ಪಾಡನ್ನು ಮಾಡಿದಾಗ ನೂರರಷ್ಟು ಅರ್ಜಿಗಳು ಬಂದು ಆರು ಮಂದಿ ಆಯ್ಕೆಯಾದರು. ಇದನ್ನು ಕೆಲವರು ಹೊಗಳಿದರು. ‘ಪುರುಷರನ್ನು ಹೊರಗಿಡುವುದು ಸ್ತ್ರೀಯರನ್ನು ಹೊರಗಿಟ್ಟಷ್ಟೇ ಅನ್ಯಾಯ’ವೆಂದು ಮತ್ತೆ ಕೆಲವರು ಆಕ್ಷೇಪಿಸಿದರು. ಈ ವಿದ್ಯೆಯು ಹೊಸದಾದರೂ ವಿವಾದವು ಹೊಸದಲ್ಲ. ಗೋಷ್ಠಿಯ ಬಾಗಿಲನ್ನು ಯಾರು ಯಾರಿಗೆ ಮುಚ್ಚಬಹುದೆಂಬ ವಿಚಾರಕ್ಕೆ ನಮ್ಮ ಶಾಸನಗಳಲ್ಲಿಯೂ ಶಾಸ್ತ್ರಗಳಲ್ಲಿಯೂ ಸಾಕಷ್ಟು ಸಾಮಗ್ರಿಯಿದೆ. ಅದರಲ್ಲಿ ಸ್ವಲ್ಪ ಭಾಗವನ್ನು, ಮುಖ್ಯವಾಗಿ ಶಿಕಾರಿಪುರ-ಸೊರಬ ಸೀಮೆಯದನ್ನು, ಇಲ್ಲಿ ಪರಿಶೀಲಿಸುವೆನು.

ಸೊರಬ ತಾಲ್ಲೂಕಿನ ಕುಬಟೂರು ಶಾಸನಗಳಲ್ಲಿ ಕುಪ್ಪಟೂರೆಂದು ಕರೆಯಲ್ಪಟ್ಟಿರುವುದು. ಚಂದ್ರಹಾಸನ ಕಥೆಯ ಕುಂತಳನಗರವು ಇದೇ ಎಂದು ಸ್ಥಳದ ಐತಿಹ್ಯ. ಆ ಕಥೆಯನ್ನು ಕನ್ನಡಿಗರಿಗೆ ಲಕ್ಷ್ಮೀಶನು ಮನಮುಟ್ಟುವಂತೆ ಹೇಳಿರುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಒಂದು ಮಾತನ್ನು ಮಾತ್ರ ನೆನಪಿಸುವೆನು: ಮಲಗಿದ್ದ ಚಂದ್ರಹಾಸನ ಬಳಿಯ ಓಲೆಯನ್ನೋದಿ ಒಂದಕ್ಷರವನ್ನು ತಿದ್ದಿ ಅವನ ಪ್ರಾಣವನ್ನುಳಿಸಿದ ವಿಷಯೆಯು ಸಖಿಯರೊಡನೆ ವನಕ್ಕೆ ಬಂದಿದ್ದವಳು, ಓದುಬರಹವನ್ನು ಬಲ್ಲವಳು. ಐತಿಹ್ಯವು ಇತಿಹಾಸವಲ್ಲವಾದುದರಿಂದ ಇದನ್ನು ಇಲ್ಲಿಗೇ ಬಿಟ್ಟು ಶಿಲೆಯ ಮೇಲಿರುವುದಕ್ಕೆ ಬರೋಣ.

ಕುಪ್ಪಟೂರಿನ ಶಾಸನಗಳಲ್ಲಿ ಪ್ರಕೃತಕ್ಕೆ ಮುಖ್ಯವಾದುದು ಕ್ರಿ. ಶ. ೧೦೭೭ರದು. ರೈಸ್ ಸಾಹೇಬರು ೧೯೦೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ೮ನೆಯ ಸಂಪುಟದಲ್ಲಿ ಸೊರಬದ ಶಾಸನಗಳೊಡನೆ ಇದು ಸೇರಿದೆ. ಬನವಾಸಿಯ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಇಲ್ಲಿ ಪಾರ್ಶ್ವದೇವ ಚೈತ್ಯಾಲಯವನ್ನು ಮಾಡಿಸಿದಳು. ಮೂಲಸಂಘದ ಪದ್ಮನಂದಿ ಸಿದ್ಧಾಂತದೇವರು ಅದಕ್ಕೆ ಆಚಾರ್ಯರು. ಅನಂತರ ಆಕೆಯು ಆ ‘ಅನಾದಿ ಅಗ್ರಹಾರ’ದ ಬ್ರಾಹ್ಮಣರನ್ನು ಪೂಜಿಸಿ, ಅವರಿಂದಲೇ ಚೈತ್ಯಾಲಯಕ್ಕೆ ‘ಬ್ರಹ್ಮ ಜಿನಾಲಯ’ವೆಂಬ ಹೆಸರನ್ನಿಡಿಸಿದಳು. ಎಡೆನಾಡಿನ ಸಿದ್ದಣಿಯೆಂಬ ಗ್ರಾಮವು ದತ್ತಿಯಾಗಿ ಬಂದಿತು.

ಈ ಶಾಸನವನ್ನು ಉದ್ಧರಿಸುವ ವಿದ್ವಾಂಸರೆಲ್ಲರೂ ಜೈನ-ಬ್ರಾಹ್ಮಣರ ಸೌಹಾರ್ದಕ್ಕೆ ಇದು ನಿದರ್ಶನವೆಂದು ಹೇಳುವರು. ಅದು ನಿಜವೇ. ಆದರೆ ಆ ಸೌಹಾರ್ದದ ಒಳಗೆ ಇನ್ನೊಂದು ಸಂಗತಿಯಿರುವುದನ್ನು ಗಮನಿಸಿದವರು ಕಡಮೆ. ಗುಡಿಯನ್ನು ಕಟ್ಟಿಸಿದವಳು ರಾಣಿ, ಧನವು ಆಕೆಯದು, ಆಚಾರ್ಯನನ್ನು ಗೊತ್ತುಮಾಡಿದವಳು ಆಕೆ. ಹೆಸರನ್ನಿಡುವ ಅಧಿಕಾರ ಮಾತ್ರ ಊರ ಮಹಾಜನರದು. ಅಗ್ರಹಾರದ ಮಹಾಜನರೆಂದರೆ ಬರಿಯ ಪಂಡಿತಮಂಡಲಿಯಲ್ಲ. ನೆಲ, ಕೆರೆ, ಕಾಲುವೆ, ದೇವಾಲಯದ ದತ್ತಿ, ತೆರಿಗೆಯ ಹಂಚಿಕೆ, ವ್ಯಾಜ್ಯಗಳ ತೀರ್ಮಾನ ಇವೆಲ್ಲವೂ ಅವರ ಕೈಯಲ್ಲಿದ್ದುವು. ಈ ಸೀಮೆಯ ಶಾಸನಗಳಲ್ಲಿ ನಾನು ಕಂಡಮಟ್ಟಿಗೆ ಆ ಸಭೆಯಲ್ಲಿ ಕುಳಿತವರೆಲ್ಲರೂ ಗಂಡಸರು. ‘ಪುರುಷರಿಗೆ ಮಾತ್ರ’ವೆಂದು ಯಾವ ಶಾಸನವೂ ಬರೆಯುವುದಿಲ್ಲ, ಬರೆಯಬೇಕಾದ ಅಗತ್ಯವೇ ಇರಲಿಲ್ಲ. ನಾನು ಓದಿದ ಪಾಠಶಾಲೆಯ ಬಾಗಿಲಲ್ಲಿಯೂ ಅಂಥ ಹಲಗೆಯಿರಲಿಲ್ಲ. ಸ್ತ್ರೀಯರು ತಮ್ಮ ಗೋಷ್ಠಿಗೆ ‘ಸ್ತ್ರೀಯರಿಗೆ ಮಾತ್ರ’ವೆಂದು ಬಾಯಿಬಿಟ್ಟು ಹೇಳುವುದರಿಂದ ಅದು ಎಲ್ಲರ ಕಣ್ಣಿಗೂ ಬೀಳುವುದು. ಪುರುಷರ ಸಭೆಗೆ ಹೆಸರು ಕೇವಲ ‘ಸಭೆ’. ಆಕ್ಷೇಪಕರ ಮಾತನ್ನು ತೂಗುವಾಗ ಈ ಭೇದವನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಮಾಳಲದೇವಿಯು ಸ್ತ್ರೀಯಾಗಿದ್ದುದಲ್ಲದೆ ಅನ್ಯಮತದವಳೂ ಆಗಿದ್ದಳೆಂಬುದನ್ನು ಮರೆಯಬಾರದು. ಜೈನ ರಾಜನೊಬ್ಬನು ಬಸದಿಯನ್ನು ಕಟ್ಟಿಸಿದ್ದರೂ ಮಹಾಜನರ ಸಮ್ಮತಿಯನ್ನು ಪಡೆಯಬೇಕಾಗುತ್ತಿತ್ತೆಂದು ವಾದಿಸಬಹುದು. ಒಪ್ಪಿದೆನು. ನನ್ನ ಅಭಿಪ್ರಾಯವು ಮಹಾಜನರು ಆಕೆಗೆ ಅನ್ಯಾಯಮಾಡಿದರೆಂದಲ್ಲ; ಅವರು ಔದಾರ್ಯದಿಂದಲೇ ನಡೆದರು. ಸರ್ವರಿಗೂ ಸಂಬಂಧಪಟ್ಟ ಅಧಿಕಾರವು ಮುಚ್ಚಿದ ಗೋಷ್ಠಿಯೊಂದರ ಕೈಯಲ್ಲಿರುವಾಗ ಹೊರಗಿನವರಿಗೆ ದೊರೆಯುವುದು ಔದಾರ್ಯವೇ ಹೊರತು ಹಕ್ಕಲ್ಲ ಎಂಬಷ್ಟೇ ಇದರಿಂದ ತಿಳಿಯಬೇಕಾದುದು.

ಇದಕ್ಕೆ ಪ್ರತಿಯಾಗಿ ಒಂದೂವರೆ ಶತಮಾನ ಹಿಂದಿನ ಜಕ್ಕಿಯಬ್ಬೆಯನ್ನು ಹೇಳಬಹುದು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಹೋಗಲು, ಆ ಅಧಿಕಾರವನ್ನು ಅವನ ಪತ್ನಿ ಜಕ್ಕಿಯಬ್ಬೆಗೆ ಕೊಡಲಾಯಿತು. ಆಕೆಯು ನಾಡನ್ನು ಸಮರ್ಥವಾಗಿ ಆಳಿ, ರೋಗವು ಬಂದಾಗ ಆಡಳಿತವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟಳು. ಇಂದಿನ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯೇ ಆ ಬಂದಣಿಕೆ. ಶಾಸನಕವಿಯು ಆಕೆಯ ಪರಾಕ್ರಮವನ್ನು ಹೊಗಳುವಾಗ ‘ಹೆಣ್ಣಾದರೂ’ ಎಂಬರ್ಥದ ಮಾತನ್ನು ಸೇರಿಸಿರುವನು; ಹತ್ತನೆಯ ಶತಮಾನದವನಾದುದರಿಂದ ಕ್ಷಮಿಸೋಣ. ಅಧಿಕಾರಕ್ಕೆ ಬೇಕಾದ ಸಾಮರ್ಥ್ಯವು ಸ್ತ್ರೀಯರಲ್ಲಿ ಇರಲಿಲ್ಲವೆಂಬ ಸಮಾಧಾನವು ಈ ಸೀಮೆಯ ಮಟ್ಟಿಗಂತೂ ನಿಲ್ಲುವುದಿಲ್ಲ. ಆದರೆ ಜಕ್ಕಿಯಬ್ಬೆಯು ಆ ಪದವಿಗೆ ಬಂದುದು ಗಂಡನ ಮರಣದಿಂದ. ಹಾಗೆ ಬರಬೇಕಾದರೆ ಮನೆಯೊಳಗೇ ಆಡಳಿತವನ್ನು ಕಲಿತಿದ್ದಿರಬೇಕು. ಅಂಥ ಮನೆಯಲ್ಲಿ ಹುಟ್ಟದ ಅಥವಾ ಸೇರದ ಹೆಂಗಸಿಗೆ ವಿದ್ಯೆಯ ಸ್ಥಾನವು ಎಲ್ಲಿ?

ನೆರೆಯ ಬಳ್ಳಿಗಾವೆಯ ಕೋಡಿಯಮಠವು ಅಂದಿನ ಮಹಾವಿದ್ಯಾಪೀಠಗಳಲ್ಲೊಂದು. ಕ್ರಿ. ಶ. ೧೧೬೨ರ ಶಾಸನವು ಅದನ್ನು ಬಹಳ ಅಂದವಾಗಿ ವರ್ಣಿಸುವುದು. ಅಲ್ಲಿ ವೇದಗಳು, ಷಡ್ದರ್ಶನಗಳು, ಕೌಮಾರ-ಪಾಣಿನೀಯ-ಶಾಕಟಾಯನಾದಿ ವ್ಯಾಕರಣಗಳು, ಪುರಾಣ ಕಾವ್ಯ ನಾಟಕಗಳು ಇವೆಲ್ಲಕ್ಕೂ ಪಾಠವಿದ್ದಿತು. ದೀನರಿಗೂ ಕುರುಡರಿಗೂ ಕುಂಟರಿಗೂ ಅನ್ನವಿದ್ದಿತು, ರೋಗಿಗಳಿಗೆ ಔಷಧವಿದ್ದಿತು. ಅನ್ನಕ್ಕೆ ಬಂದವರ ಪಟ್ಟಿಯು ಉದ್ದವಾದುದು. ಓದುವವರ ಸ್ಥಾನವೋ ನೈಷ್ಠಿಕ ಬ್ರಹ್ಮಚಾರಿಗಳಾದ ಶೈವತಪಸ್ವಿಗಳದು. ಅಲ್ಲಿ ಓದಿಸುತ್ತಿದ್ದ ಶಾಕಟಾಯನವೆಂಬುದು ಜೈನ ಶಾಕಟಾಯನನ, ಎಂದರೆ ಅಮೋಘವರ್ಷನ ಕಾಲದ ಪಾಲ್ಯಕೀರ್ತಿಯ, ಶಬ್ದಾನುಶಾಸನವೆಂದು ಗ್ರಹಿಸುವುದಾದರೆ ಒಂದು ಸ್ವಾರಸ್ಯವಿದೆ. ಆ ಪಾಲ್ಯಕೀರ್ತಿಯು ಯಾಪನೀಯನು. ‘ಸ್ತ್ರೀಮುಕ್ತಿಪ್ರಕರಣ’ದ ಕರ್ತೃವೂ ಅವನೇ. ಮೋಕ್ಷಕ್ಕೆ ಕಾರಣವು ರತ್ನತ್ರಯ. ಸ್ತ್ರೀತ್ವವು ಅದಕ್ಕೆ ವಿರುದ್ಧವೆಂಬುದಕ್ಕೆ ಪ್ರಮಾಣವಿಲ್ಲ. ಆದಕಾರಣ ಸ್ತ್ರೀಗೂ ಮುಕ್ತಿಯುಂಟೆಂದು ಅವನ ವಾದ. ಹೊರಗಿಡುವವನೇ ಕಾರಣವನ್ನು ತೋರಿಸಬೇಕು, ಹೊರಗಿರುವವಳಲ್ಲ ಎಂಬ ತರ್ಕಕ್ರಮವಿದು. ಅವನ ವ್ಯಾಕರಣವು ಮಠದೊಳಕ್ಕೆ ಹೋಯಿತು. ಈ ತರ್ಕವು ಹೋಗಲಿಲ್ಲ.

ಸ್ತ್ರೀಯರದೇ ಆದ ವಿದ್ಯಾಸ್ಥಾನಗಳು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಪಾಣಿನಿಯ ಆರನೆಯ ಅಧ್ಯಾಯದ ಒಂದು ಸೂತ್ರದಿಂದ ಸಿದ್ಧವಾಗುವ ‘ಛಾತ್ರಿಶಾಲಾ’ ಶಬ್ದಕ್ಕೆ ಸ್ತ್ರೀವಿದ್ಯಾರ್ಥಿನಿಯರ ಶಾಲೆಯೆಂದು ಕೆಲವು ವಿದ್ವಾಂಸರು ಅರ್ಥಮಾಡಿರುವರು. ಶ್ರವಣಬೆಳಗೊಳದ ಏಳು-ಎಂಟನೆಯ ಶತಮಾನದ ನಿಸಿದಿ ಶಾಸನಗಳಲ್ಲಿ ನಾಗಮತಿ ಗಂತಿಯರೇ ಮೊದಲಾದ ಆರ್ಯಿಕೆಯರ ಹೆಸರುಗಳಿವೆ. ತೊಂಡೈನಾಡಿನ ವೇಡಾಲಿನಲ್ಲಿ, ಒಂಬತ್ತನೆಯ ಶತಮಾನದ ಕೊನೆಯಲ್ಲಿ, ಚೋಳ ಒಂದನೆಯ ಆದಿತ್ಯನ ಕಾಲಕ್ಕೆ, ಕನಕವೀರ ಕುರತ್ತಿಯೆಂಬ ಜೈನ ಗುರುಣಿಯ ಬಳಿ ಐನೂರು ಶಿಷ್ಯೆಯರಿದ್ದರೆಂದೂ ಊರವರು ಅವರನ್ನು ರಕ್ಷಿಸಿ ಅನ್ನವಿಡುವುದಾಗಿ ಒಪ್ಪಿಕೊಂಡರೆಂದೂ ಶಾಸನವು ತಿಳಿಸುವುದು. ಆ ಊರ ಗಂಡಸರು ತಮ್ಮನ್ನು ಶಿಷ್ಯರಾಗಿ ಸೇರಿಸಿಕೊಳ್ಳಲಿಲ್ಲವೆಂದು ದೂರಿದಂತೆ ಕಾಣುವುದಿಲ್ಲ. ಏಕೆ ದೂರುವರು? ಊರಿನ ನೆಲವಾಗಲಿ ಕೆರೆಯಾಗಲಿ ಕುರತ್ತಿಯ ಶಿಷ್ಯಮಂಡಲಿಯ ಕೈಯಲ್ಲಿರಲಿಲ್ಲ. ತಮಗೆ ಬರತಕ್ಕ ಯಾವ ಪಾಲನ್ನೂ ಅವರು ಕಳೆದುಕೊಳ್ಳಲಿಲ್ಲ.

ನನ್ನ ಮತದಲ್ಲಿ ವಿವಾದದ ಮರ್ಮವು ಇಲ್ಲಿಯೇ ಇದೆ. ಮಹಾಜನಸಭೆಯೂ ಮುಚ್ಚಿದ ಗೋಷ್ಠಿ, ಕುರತ್ತಿಯ ಮಂಡಲಿಯೂ ಮುಚ್ಚಿದ ಗೋಷ್ಠಿ. ಆದುದರಿಂದ ಎರಡೂ ಸಮಾನವೆನ್ನುವುದು ಬಾಗಿಲನ್ನು ಮಾತ್ರ ನೋಡಿ ಒಳಗೇನಿದೆಯೆಂಬುದನ್ನು ನೋಡದವರ ಮಾತು. ಸರ್ವಸಾಧಾರಣವಾದ ಸ್ವತ್ತನ್ನೋ ಅಧಿಕಾರವನ್ನೋ ಒಳಗಿಟ್ಟುಕೊಂಡು ಬಾಗಿಲನ್ನು ಮುಚ್ಚುವುದು ಒಂದು. ಅದನ್ನು ಪಡೆಯಲು ಬೇಕಾದ ಯೋಗ್ಯತೆಯನ್ನು ಗಳಿಸಿಕೊಳ್ಳಲು ಮುಚ್ಚಿಕೊಂಡು ಕುಳಿತುಕೊಳ್ಳುವುದು ಇನ್ನೊಂದು.

ಪೂರ್ವಮೀಮಾಂಸೆಯನ್ನು ಓದಿದವರಿಗೆ ಇದು ಅಪರಿಚಿತವಾದ ವಿಚಾರವಲ್ಲ. ಆರನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಯಾಗಾಧಿಕಾರವು ಯಾರಿಗೆಂಬ ಚರ್ಚೆಯಿದೆ. ವಿಧಿವಾಕ್ಯದಲ್ಲಿ ‘ಸ್ವರ್ಗಕಾಮಃ’ ಎಂಬ ಪುಲ್ಲಿಂಗವಿರುವುದರಿಂದ ಪುರುಷನಿಗೆ ಮಾತ್ರ ಅಧಿಕಾರವೆಂದು ಐತಿಶಾಯನನ ಮತ. ಜೈಮಿನಿಯು ಬಾದರಾಯಣನ ಮತವನ್ನವಲಂಬಿಸಿ ಇದನ್ನು ಅಲ್ಲಗಳೆಯುವನು: ಅಲ್ಲಿ ಲಿಂಗವು ವಿವಕ್ಷಿತವಲ್ಲ; ಸ್ವರ್ಗವನ್ನು ಬಯಸುವುದು ಸ್ತ್ರೀಪುರುಷರಿಬ್ಬರಿಗೂ ಸಮಾನ; ಆದುದರಿಂದ ಸ್ತ್ರೀಗೂ ಅಧಿಕಾರವುಂಟು. ಸ್ತ್ರೀಗೆ ಧನವಿಲ್ಲ, ಆಕೆಯೇ ಕ್ರಯವಿಕ್ರಯಗಳಿಗೆ ಒಳಗಾದವಳು ಎಂಬ ಪೂರ್ವಪಕ್ಷವನ್ನೂ ಎತ್ತಿ, ಆಕೆಗೂ ಸ್ವತ್ವವಿದೆಯೆಂದು ಸಮಾಧಾನ ಹೇಳಲಾಗಿದೆ. ಪುಲ್ಲಿಂಗಶಬ್ದವು ಎಲ್ಲರನ್ನೂ ಒಳಗೊಳ್ಳುವುದೋ ಇಲ್ಲವೋ ಎಂದು ಇಂದು ಸಂಘಗಳ ನಿಬಂಧನೆಗಳ ವಿಷಯದಲ್ಲಿ ನಡೆಯುತ್ತಿರುವ ಚರ್ಚೆಯನ್ನು ನಮ್ಮವರು ಎರಡು ಸಾವಿರ ವರ್ಷಗಳ ಹಿಂದೆಯೇ ಮಾಡಿದ್ದರೆಂಬುದು ಸಂತೋಷದ ಸಂಗತಿ.

ಆದರೆ ಅಧ್ಯಾಪಕರು ಇಲ್ಲಿಗೆ ಪಾಠವನ್ನು ನಿಲ್ಲಿಸಬಾರದು. ಅದೇ ಪಾದದಲ್ಲಿ ಸ್ವಲ್ಪ ಮುಂದೆ, ಯಾಗದಲ್ಲಿ ಪತ್ನಿಯು ಮಾಡತಕ್ಕದ್ದು ಆಕೆಗೆಂದು ವಿಶೇಷವಾಗಿ ವಿಧಿಸಿದಷ್ಟನ್ನು ಮಾತ್ರ, ಏಕೆಂದರೆ ಆಕೆಯು ಯಜಮಾನನಿಗೆ ಸಮಾನಳಲ್ಲ ಎಂದು ಸೂತ್ರಕಾರನು ಹೇಳುವನು. ಸಮಾನಳಲ್ಲವೇಕೆ? ಅವನು ವಿದ್ವಾಂಸನು, ಆಕೆಯು ವಿದ್ಯೆಯಿಲ್ಲದವಳು ಎಂದು ಶಬರಸ್ವಾಮಿಯ ವಿವರಣೆ. ಈ ವಿವರಣೆಯನ್ನು ನಿಂದಿಸುವವರುಂಟು. ನಾನಾದರೋ ಇದರಲ್ಲಿ ಒಂದು ಪ್ರಾಮಾಣಿಕತೆಯನ್ನು ಕಾಣುವೆನು. ಭಾಷ್ಯಕಾರನು ಸ್ತ್ರೀತ್ವವೊಂದನ್ನೇ ಕಾರಣವಾಗಿ ಹೇಳಿ ನಿಲ್ಲಲಿಲ್ಲ, ವಿದ್ಯಾಭಾವವನ್ನೂ ಹೇಳಿದನು. ಕಾರಣವು ಹೋದರೆ ಕಾರ್ಯವೂ ಹೋಗತಕ್ಕದ್ದು. ಅಧಿಕಾರವನ್ನು ಕೊಟ್ಟೆವೆಂದು ಹೇಳಿ ವಿದ್ಯೆಯ ದಾರಿಯನ್ನು ತೆರೆಯದೆ ಹೋದರೆ ಆ ಅಧಿಕಾರವು ಬರಿಯ ಶಬ್ದ. ಗ್ನೋಮ್ ಸಮುದಾಯದ ೧೮೧ ಅರ್ಜಿಗಳ ಸಂಗತಿಯೂ ಹೀಗೆಯೇ. ಬಾಗಿಲು ತೆರೆದಿತ್ತೆಂಬುದು ಐತಿಶಾಯನನಿಗೆ ಉತ್ತರವಾಯಿತು. ಶಬರನ ಮಾತಿಗೆ ಉತ್ತರವಾಗಲಿಲ್ಲ.

ಬಾಗಿಲು ತೆರೆದಿದ್ದರೂ ಹೊಸ್ತಿಲಲ್ಲಿ ಕೇಳುವ ಪ್ರಶ್ನೆಯು ಬೇರೆಯಾಗಿರಬಹುದು. ಇದಕ್ಕೆ ಉಡುತಡಿಯ ಮಹಾದೇವಿಯಕ್ಕನಿಗಿಂತ ಬೇರೆ ನಿದರ್ಶನವು ಬೇಕಿಲ್ಲ. ಉಡುತಡಿಯು ಶಿಕಾರಿಪುರ ತಾಲ್ಲೂಕಿನದು, ಅಲ್ಲಮಪ್ರಭುವೂ ಬಳ್ಳಿಗಾವೆಯವನು. ಇಬ್ಬರೂ ನೆರೆಯೂರವರು ಕಲ್ಯಾಣದಲ್ಲಿ ಎದುರುಬದುರಾದರೆಂದು ಶೂನ್ಯಸಂಪಾದನೆಯು ಹೇಳುವುದು. ಆ ಗ್ರಂಥವು ಹದಿನೈದನೆಯ ಶತಮಾನದ ಸಂಕಲನವಾದುದರಿಂದ ಅದನ್ನು ಹನ್ನೆರಡನೆಯ ಶತಮಾನದ ವರದಿಯಾಗಿ ತೆಗೆದುಕೊಳ್ಳಲಾಗದು. ಶರಣಪರಂಪರೆಯು ತನ್ನ ಗೋಷ್ಠಿಯನ್ನು ಹೇಗೆ ನೆನೆಯಿತೆಂಬುದಕ್ಕೆ ಮಾತ್ರ ಪ್ರಮಾಣ. ಅನುಭವಗೋಷ್ಠಿಯಲ್ಲಿ ಸ್ತ್ರೀಯರಿಗೆ ನಿಷೇಧವಿರಲಿಲ್ಲ. ಅಂದಿನ ಲೋಕದಲ್ಲಿ ಅದು ಸಾಮಾನ್ಯ ಸಂಗತಿಯಲ್ಲ. ಹೀಗಿದ್ದರೂ ಅಕ್ಕನು ಒಳಗೆ ಬರುವಾಗ ಆಕೆಯ ಪತಿಯು ಯಾರೆಂಬುದನ್ನು ಹೇಳಿದರೆ ಕುಳ್ಳಿರಬಹುದು, ಇಲ್ಲವಾದರೆ ಹೋಗಬಹುದು ಎಂಬ ಪರೀಕ್ಷೆಯು ನಡೆಯಿತು. ಒಳಗೆ ಬಂದ ಗಂಡಸರಿಗೆ ‘ನಿನ್ನ ಹೆಂಡತಿ ಯಾರು’ ಎಂದು ಕೇಳಿದುದನ್ನು ನಾನು ಓದಿಲ್ಲ. ಅಲ್ಲಮನು ಆಕೆಯ ಮಹಿಮೆಯನ್ನು ಲೋಕಕ್ಕೆ ತೋರಿಸಲೆಂದೇ ಹಾಗೆ ಕೇಳಿದನೆಂದು ವ್ಯಾಖ್ಯಾನಕಾರರು ಹೇಳುವರು, ಇದ್ದೀತು. ಅಕ್ಕನು ಗೆದ್ದಳು. ಆ ಪರೀಕ್ಷೆಯಲ್ಲಿ ಗೆಲ್ಲುವುದಕ್ಕೆ ಅಕ್ಕನಷ್ಟು ವಾಕ್ಶಕ್ತಿಯೂ ವೈರಾಗ್ಯವೂ ಬೇಕಾಗುವುದಾದರೆ, ಅಷ್ಟಿಲ್ಲದ ಸಾಮಾನ್ಯ ಹೆಂಗಸು ಹೊಸ್ತಿಲಿಂದಲೇ ಹಿಂದಿರುಗುವಳೆಂದು ಊಹಿಸುವುದು ತಪ್ಪಾಗದು. ಅಂಥವಳಿಗೆ ಮಾತನ್ನು ಕಲಿಯಲು ಬೇರೊಂದು ಜಗಲಿಯು ಬೇಕು.

ಹೀಗೆಂದ ಮಾತ್ರಕ್ಕೆ ಪ್ರತ್ಯೇಕಗೋಷ್ಠಿಯೆಲ್ಲವೂ ಸಾಧುವೆಂದು ನಾನು ಹೇಳುವುದಿಲ್ಲ. ಬೌದ್ಧರ ಭಿಕ್ಷುಣೀಸಂಘವು ಪ್ರತ್ಯೇಕವಾಗಿಯೇ ಇದ್ದಿತು. ಆದರೆ ಅದರ ಮೇಲಿದ್ದ ಎಂಟು ಗುರುಧರ್ಮಗಳ ಪ್ರಕಾರ, ನೂರು ವರ್ಷ ವ್ರತವನ್ನಾಚರಿಸಿದ ಭಿಕ್ಷುಣಿಯೂ ಅಂದೇ ದೀಕ್ಷೆಹೊಂದಿದ ಭಿಕ್ಷುವಿಗೆ ಎದ್ದು ನಮಸ್ಕರಿಸಬೇಕು. ಮನೆಯು ಬೇರೆ, ಮನೆಯ ಕಟ್ಟಳೆಯನ್ನು ಬರೆದವರು ಬೇರೆ. ‘ನಿಮಗೆ ನಿಮ್ಮದೇ ಗೋಷ್ಠಿಯಿದೆಯಲ್ಲ’ ಎಂದು ಹೇಳಿ ದೊಡ್ಡ ಸಭೆಯ ಬಾಗಿಲನ್ನು ಮೆಲ್ಲನೆ ಮುಚ್ಚುವುದಕ್ಕೂ ಪ್ರತ್ಯೇಕಗೋಷ್ಠಿಯು ನೆಪವಾಗಬಹುದು. ಆಕ್ಷೇಪಕರ ವಾದಗಳಲ್ಲಿ ನನಗೆ ಬಹಳ ಬಲವುಳ್ಳದ್ದಾಗಿ ತೋರುವುದು ಇದೇ. ವಿಚಿತ್ರವೇನೆಂದರೆ ಅವರು ಇದನ್ನು ಹೇಳುವುದು ಅಪರೂಪ. ಅವರು ಸಾಮಾನ್ಯವಾಗಿ ಹೇಳುವುದು, ಹಳ್ಳಿಯಿಂದ ಬಂದ, ಇಂಗ್ಲಿಷು ಬಾರದ, ಹಣವಿಲ್ಲದ ಹುಡುಗನ ಮಾತನ್ನು. ಆ ಹುಡುಗನ ಕಷ್ಟವು ಸುಳ್ಳಲ್ಲ. ಅವನಿಗೂ ಒಂದು ಜಗಲಿಯನ್ನು ಕಟ್ಟಿಕೊಡಬೇಕು. ಅವಳದನ್ನು ಕೆಡವುವುದರಿಂದ ಅವನಿಗೆ ನೆರಳು ಸಿಕ್ಕದು. ಆ ಗೋಷ್ಠಿಗಳಲ್ಲಿ ಸಿದ್ಧವಾದ ಪಾಠಗಳನ್ನು ಮಾತ್ರ ಎಲ್ಲರಿಗೂ ಸಿಕ್ಕುವಂತೆ ಪ್ರಕಟಿಸತಕ್ಕದ್ದು. ಕೂಡುವ ಸ್ಥಳಕ್ಕೆ ಬಾಗಿಲಿರಬಹುದು, ವಿದ್ಯೆಗೆ ಇರಬಾರದು.

ನಮ್ಮ ಕಾಲಕ್ಕೆ ಹತ್ತಿರವಾದ ಕನ್ನಡನಾಡಿನ ಅನುಭವವೂ ಇದನ್ನೇ ತೋರಿಸುವುದು. ಮೈಸೂರಿನಲ್ಲಿ ೧೮೮೧ರಲ್ಲಿ ಅಂಬಳೆ ನರಸಿಂಹಯ್ಯಂಗಾರ್ಯರು ಮಹಾರಾಣಿ ಬಾಲಿಕಾ ಪಾಠಶಾಲೆಯನ್ನು ತೆರೆದಾಗ ಅದು ಬಾಲಿಕೆಯರಿಗೆ ಮಾತ್ರವೆಂದು ಇದ್ದುದರಿಂದಲೇ ಮನೆಗಳವರು ಹೆಣ್ಣುಮಕ್ಕಳನ್ನು ಕಳುಹಿಸಿದರು. ಬೆಂಗಳೂರಿನ ಮಹಿಳಾ ಸೇವಾ ಸಮಾಜವು ೧೯೧೩ರದು. ನಂಜನಗೂಡಿನ ತಿರುಮಲಾಂಬೆಯವರು ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ಸ್ತ್ರೀಯರಿಗಾಗಿ ನಡೆಯಿಸಿದರು. ಸ್ವಾತಂತ್ರ್ಯಾನಂತರ ಬಂದ ನಮ್ಮ ಸಂವಿಧಾನವೂ, ೧೫ನೆಯ ಅನುಚ್ಛೇದದಲ್ಲಿ ಲಿಂಗಭೇದವನ್ನು ನಿಷೇಧಿಸಿ, ಅದರ ಮೂರನೆಯ ಖಂಡದಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ವಿಶೇಷ ಏರ್ಪಾಡುಗಳನ್ನು ಮಾಡಲು ರಾಜ್ಯಕ್ಕೆ ಅವಕಾಶವನ್ನಿತ್ತಿದೆ. ಶಾಸ್ತ್ರಪರಿಭಾಷೆಯಲ್ಲಿ ಹೇಳುವುದಾದರೆ ಒಂದು ಉತ್ಸರ್ಗ, ಇನ್ನೊಂದು ಅಪವಾದ. ಅಪವಾದವು ಉತ್ಸರ್ಗವನ್ನು ಕೊಲ್ಲುವುದಿಲ್ಲ. ತನ್ನ ವಿಷಯವನ್ನು ಮಾತ್ರ ತೆಗೆದುಕೊಂಡು ಉಳಿದುದನ್ನು ಅದಕ್ಕೇ ಬಿಡುವುದು. ತನ್ನ ನಿಮಿತ್ತವು ಹೋದಲ್ಲಿ ಅದೂ ಹೋಗುವುದು.

ಇಂದಿನ ಕುಬಟೂರಿನ ಸೀಮೆಯಲ್ಲಿ ಎರಡು ಬಗೆಯ ಕೂಟಗಳನ್ನೂ ಅಕ್ಕಪಕ್ಕದಲ್ಲಿ ಕಾಣಬಹುದು. ಮಹಾಜನರ ಸ್ಥಾನದಲ್ಲಿರುವುದು ಗ್ರಾಮಪಂಚಾಯತಿ. ೧೯೮೩ರ ಕರ್ನಾಟಕದ ಕಾಯಿದೆಯು ಪಂಚಾಯತಿಗಳಲ್ಲಿ ಸ್ತ್ರೀಯರಿಗೆ ಕಾಲುಭಾಗವನ್ನೂ, ೧೯೯೨ರ ಸಂವಿಧಾನ ತಿದ್ದುಪಡಿಯು ಮೂರನೆಯ ಒಂದು ಭಾಗವನ್ನೂ, ೨೦೧೦ರ ತಿದ್ದುಪಡಿಯು ಅರ್ಧವನ್ನೂ ಮೀಸಲಿಟ್ಟುವು. ಅದರ ಕೈಯಲ್ಲಿ ಊರಿನ ನೀರು, ದಾರಿ, ತೆರಿಗೆಗಳು ಇರುವುದರಿಂದ ಅದನ್ನು ಸ್ತ್ರೀಯರಿಗಾಗಲಿ ಪುರುಷರಿಗಾಗಲಿ ಮುಚ್ಚಕೂಡದು, ಯಾರೂ ಮುಚ್ಚಿಲ್ಲ. ೨೦೦೦-೦೧ರಲ್ಲಿ ಸರ್ಕಾರವು ಆರಂಭಿಸಿದ ಸ್ತ್ರೀಶಕ್ತಿ ಸಂಘಗಳು ಇನ್ನೊಂದು ಬಗೆಯವು. ಹದಿನೈದಿಪ್ಪತ್ತು ಮಂದಿ ಹೆಂಗಸರು ಕೂಡಿ ತಮ್ಮದೇ ಉಳಿತಾಯವನ್ನು ಒಟ್ಟುಗೂಡಿಸಿ ತಮ್ಮೊಳಗೇ ಸಾಲ ಕೊಟ್ಟು ತೀರಿಸಿಕೊಳ್ಳುವರು. ಗಂಡಸರಿಗೆ ಅಲ್ಲಿ ಸದಸ್ಯತ್ವವಿಲ್ಲ. ಹಣವು ಅವರದೇ, ಲೆಕ್ಕವನ್ನು ಬರೆಯುವವರೂ ಅವರೇ. ಸಂಘದಲ್ಲಿ ಎದ್ದು ನಿಂತು ಲೆಕ್ಕವನ್ನೋದುವ ಅಭ್ಯಾಸವಾದವಳು ಗ್ರಾಮಸಭೆಯಲ್ಲಿಯೂ ಎದ್ದು ನಿಲ್ಲಬಲ್ಲಳು.

ಇನ್ನು ನಮ್ಮ ಸಾಹಿತ್ಯಲೋಕದ ಮಾತು. ಕರ್ನಾಟಕ ಲೇಖಕಿಯರ ಸಂಘವು ೧೯೭೯ರಲ್ಲಿ ಸ್ಥಾಪಿತವಾಗಿ, ಹಾಸ್ಯಲೇಖಕಿ ಟಿ. ಸುನಂದಮ್ಮನವರು ಅದಕ್ಕೆ ಮೊದಲ ಅಧ್ಯಕ್ಷೆಯಾದರು. ‘ಸಾಹಿತ್ಯದಲ್ಲಿ ಗಂಡು ಹೆಣ್ಣೆಂಬ ಭೇದವೇಕೆ, ಎಲ್ಲರಿಗೂ ಪರಿಷತ್ತಿದೆಯಲ್ಲ’ ಎಂದು ಕೇಳಿದವರನ್ನು ನಾನೂ ಕಂಡಿದ್ದೇನೆ. ಕೇಳಿದವರಲ್ಲಿ ದುರುದ್ದೇಶವಿರಲಿಲ್ಲ. ಆದರೆ ಪರಿಷತ್ತು ಹುಟ್ಟಿದ ೧೯೧೫ರಿಂದ ನಡೆದುಬಂದ ಸಾಹಿತ್ಯ ಸಮ್ಮೇಳನಗಳಿಗೆ ಮೊದಲ ಬಾರಿಗೆ ಸ್ತ್ರೀಯೊಬ್ಬರು, ಜಯದೇವಿತಾಯಿ ಲಿಗಾಡೆಯವರು, ಅಧ್ಯಕ್ಷರಾದುದು ೧೯೭೪ರಲ್ಲಿ, ಮಂಡ್ಯದಲ್ಲಿ; ಲೇಖಕಿಯರ ಸಂಘವು ಹುಟ್ಟುವುದಕ್ಕೆ ಕೇವಲ ಐದು ವರ್ಷ ಮುಂಚೆ. ಅನಂತರ ಇಪ್ಪತ್ತಾರು ವರ್ಷಗಳವರೆಗೆ ಮತ್ತೊಬ್ಬರಿಲ್ಲ. ಶಾಂತಾದೇವಿ ಮಾಳವಾಡರು ೨೦೦೦ದಲ್ಲಿ, ಕಮಲಾ ಹಂಪನಾ ಅವರು ೨೦೦೩ರಲ್ಲಿ, ಗೀತಾ ನಾಗಭೂಷಣರು ೨೦೧೦ರಲ್ಲಿ ಆ ಪೀಠವನ್ನಲಂಕರಿಸಿದರು. ೨೦೨೪ರ ಮಂಡ್ಯ ಸಮ್ಮೇಳನದವರೆಗೆ ನಡೆದ ೮೭ ಸಮ್ಮೇಳನಗಳಲ್ಲಿ ಸ್ತ್ರೀಯರು ನಾಲ್ವರೇ. ಯಾವ ನಿಬಂಧನೆಯೂ ಅವರನ್ನು ತಡೆದಿರಲಿಲ್ಲ. ಲೇಖಕಿಯರ ಸಂಘವೆಂಬ ಅಪವಾದದ ನಿಮಿತ್ತವು ತೀರಿತೋ ಇಲ್ಲವೋ ಎಂಬುದನ್ನು ಆ ಸಂಘದ ನಿಬಂಧನೆಗಳಲ್ಲಿ ಹುಡುಕಬೇಕಾಗಿಲ್ಲ. ಸಮ್ಮೇಳನಾಧ್ಯಕ್ಷರ ಪಟ್ಟಿಯಲ್ಲಿಯೇ ನೋಡಬಹುದು.